ಮೂರನೇ ಆಂಟಿಬಯಾಟಿಕ್‌ಗೆ ಮುಂಚೆ ಒಂದು ಕಫ ಪರೀಕ್ಷೆ

ಪ್ರಶ್ನೆ: ನನಗೆ 48 ವರ್ಷ. ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ಆರು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತೇನೆ. ಬಿಪಿಗೆ ನಾಲ್ಕು ತಿಂಗಳಿಂದ ರಾಮಿಪ್ರಿಲ್. ಇಪ್ಪತ್ತಮೂರು ದಿನಗಳ ಹಿಂದೆ ತರಗತಿಯ ಅರ್ಧ ಮಕ್ಕಳಿಗೆ ಬಂದಿದ್ದ ಜ್ವರ ನನಗೂ ಬಂತು. ಮೂರು ದಿನ 102 ಡಿಗ್ರಿ, ಮೈಕೈ ನೋವು, ಗಂಟಲು ನೋವು. ಜ್ವರ ಬಿಟ್ಟಿತು, ಕೆಮ್ಮು ಬಿಡಲಿಲ್ಲ. ಮೆಡಿಕಲ್ ಶಾಪಿನವರು ಅಜಿತ್ರೋಮೈಸಿನ್ 500 ಮೂರು ಮಾತ್ರೆ, ಜೊತೆಗೆ ಪೇಪರ್ ಕವರಿನಲ್ಲಿ ಬಿಡಿ ಮಾತ್ರೆಗಳನ್ನು ಕೊಟ್ಟರು. ಎರಡು ದಿನ ಹಗುರ ಅನ್ನಿಸಿತು, ಆದರೆ ಶುಗರ್ 280ಕ್ಕೆ ಹೋಯಿತು. ಆಮೇಲೆ ಒಂದು ಕ್ಲಿನಿಕ್ಕಿನಲ್ಲಿ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಐದು ದಿನಕ್ಕೆ ಬರೆದರು. ಮೂರನೇ ದಿನ ಭೇದಿ ಶುರುವಾಗಿ ನಿಲ್ಲಿಸಿಬಿಟ್ಟೆ, ನಾಲ್ಕು ಮಾತ್ರೆ ಹಾಗೇ ಉಳಿದಿವೆ. ಈಗ ಭೇದಿ ನಿಂತಿದೆ. ಬೆಳಿಗ್ಗೆ ಸ್ವಲ್ಪ ಹಳದಿ-ಹಸಿರು ಕಫ, ಉಳಿದ ಹೊತ್ತು ಒಣ ಕೆಮ್ಮು. ಶಾಪಿನವರು 'ಇನ್ಫೆಕ್ಷನ್ ಪೂರ್ತಿ ಹೋಗಿಲ್ಲ, ಸ್ಟ್ರಾಂಗ್ ಡೋಸ್ ಬೇಕು' ಎಂದು ಲೆವೊಫ್ಲಾಕ್ಸಸಿನ್ ಹೇಳುತ್ತಿದ್ದಾರೆ. ಮ್ಯಾಂಚೆಸ್ಟರ್‌ನಲ್ಲಿರುವ ನನ್ನ ತಮ್ಮನಿಗೂ ಇದೇ ಥರ ಆದಾಗ ಅಲ್ಲಿನ ಡಾಕ್ಟರು ಪ್ಯಾರಾಸಿಟಮಾಲ್ ಬಿಟ್ಟು ಏನೂ ಕೊಡಲಿಲ್ಲವಂತೆ. ಯಾರದ್ದು ಸರಿ? ನಾನು ಲೆವೊಫ್ಲಾಕ್ಸಸಿನ್ ತೆಗೆದುಕೊಳ್ಳಲೇ?

ಉತ್ತರ: ಬೇಡ ಅಮ್ಮ. ಲೆವೊಫ್ಲಾಕ್ಸಸಿನ್ ತೆಗೆದುಕೊಳ್ಳಬೇಡಿ. ಮನೆಗೆ ತಂದಿಟ್ಟಿದ್ದರೆ ಒಂದು ಮಾತ್ರೆಯನ್ನೂ ನುಂಗಬೇಡಿ. ನಿಮ್ಮ ವಿಷಯದಲ್ಲಿ ಅದು ಬೇಡವೆನ್ನಲು ಮೂರು ಕಾರಣಗಳಿವೆ, ಮೂರೂ ನಿಮ್ಮ ಪತ್ರದಲ್ಲೇ ಇವೆ. ಅಲ್ಲಿಗೆ ಬರುವ ಮುಂಚೆ ಈ ಕೆಮ್ಮು ಏನು ಎಂದು ಹೇಳಬೇಕು. ಅದು ಅರ್ಥವಾಗದಿದ್ದರೆ ಇವತ್ತು ನಾನು ಬೇಡ ಎಂದರೂ ನಾಳೆ ಇನ್ನೊಬ್ಬರು ಬೇಕು ಎಂದಾಗ ನಿಮ್ಮ ಮನಸ್ಸು ಆ ಕಡೆ ವಾಲುತ್ತದೆ.

ನಮ್ಮ ಶ್ವಾಸನಾಳದ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಒಂದೊಂದು ಜೀವಕೋಶಕ್ಕೂ ಸುಮಾರು ಇನ್ನೂರು. ರಾಗಿ ಹೊಲದ ಮೇಲೆ ಗಾಳಿ ಹಾದಾಗ ತೆನೆಗಳು ಒಂದೇ ದಿಕ್ಕಿಗೆ ಬಾಗಿ ಏಳುವುದನ್ನು ನೋಡಿರುತ್ತೀರಿ. ಈ ರೋಮಗಳೂ ಹಾಗೆಯೇ, ಸೆಕೆಂಡಿಗೆ ಹತ್ತಾರು ಬಾರಿ ಬಾಗಿ ಏಳುತ್ತ, ಧೂಳು ಅಂಟಿದ ತೆಳ್ಳನೆಯ ಲೋಳೆಯನ್ನು ಗಂಟಲಿನ ಕಡೆಗೆ ತಳ್ಳುತ್ತಿರುತ್ತವೆ. ನಮಗೆ ಗೊತ್ತೇ ಆಗದಂತೆ ದಿನವಿಡೀ ಅದನ್ನು ನುಂಗುತ್ತಿರುತ್ತೇವೆ. ಫ್ಲೂ ಥರದ ವೈರಸ್ ಮೊದಲು ದಾಳಿ ಮಾಡುವುದೇ ಈ ಜೀವಕೋಶಗಳ ಮೇಲೆ. ಪದರವೇ ಅಲ್ಲಲ್ಲಿ ಕಿತ್ತುಬರುತ್ತದೆ. ನಾಲ್ಕೈದು ದಿನದಲ್ಲಿ ದೇಹ ವೈರಸ್ಸನ್ನು ಸೋಲಿಸುತ್ತದೆ, ಜ್ವರ ಇಳಿಯುತ್ತದೆ. ಆದರೆ ಕಿತ್ತುಹೋದ ಪದರ ಮತ್ತೆ ಬೆಳೆದು, ರೋಮಗಳು ಚಿಗುರಿ, ಮೊದಲಿನಂತೆ ಬೀಸತೊಡಗಲು ವಾರಗಳೇ ಬೇಕು. ಅಲ್ಲಿಯವರೆಗೆ ಲೋಳೆಯನ್ನು ಮೇಲಕ್ಕೆ ತರಲು ದೇಹಕ್ಕೆ ಉಳಿದಿರುವ ದಾರಿ ಕೆಮ್ಮು ಒಂದೇ.

ಇನ್ನೊಂದು ಮಾತು. ಪದರ ಹೋದ ಕಡೆ ಅಡಿಯಲ್ಲಿದ್ದ ನರದ ತುದಿಗಳು ತೆರೆದುಕೊಂಡಿರುತ್ತವೆ. ಸುಟ್ಟ ಚರ್ಮಕ್ಕೆ ಬಟ್ಟೆ ತಾಗಿದರೂ ಉರಿಯುವುದಿಲ್ಲವೇ, ಹಾಗೆ. ಒಣಮೆಣಸಿನಕಾಯಿ ಒಗ್ಗರಣೆಯ ಘಾಟು, ಬೋರ್ಡು ಒರೆಸುವಾಗ ಏಳುವ ಸೀಮೆಸುಣ್ಣದ ಪುಡಿ, ಬೆಳಗಿನ ತಣ್ಣನೆಯ ಗಾಳಿ, ಜೋರು ನಗು, ನಲವತ್ತು ನಿಮಿಷದ ಪಾಠ, ಇವೆಲ್ಲ ಕೆಮ್ಮು ತರಿಸುತ್ತವೆ. ನೀವು ಒಮ್ಮೆ ಗಮನಿಸಿ: ತರಗತಿಯಲ್ಲಿ ಇಪ್ಪತ್ತು ನಿಮಿಷವಾದ ಮೇಲೆ ಕೆಮ್ಮು ಏರಿ, ಸ್ಟಾಫ್ ರೂಮಿನಲ್ಲಿ ಸುಮ್ಮನೆ ಕೂತಾಗ ಇಳಿಯುತ್ತದೆಯೇ? ಹಾಗಿದ್ದರೆ ಅದು ಬಹುಪಾಲು ಗಾಯ ಮಾಯುವ ಹಂತದ ಕೆಮ್ಮು. ಕೊಲ್ಲಬೇಕಾದ ರೋಗಾಣು ಅಲ್ಲಿ ಉಳಿದಿರುವುದಿಲ್ಲ.

ಎಷ್ಟು ದಿನ? ಇಂಥ ಕೆಮ್ಮು ಸರಾಸರಿ ಹದಿನೆಂಟು ದಿನ ಇರುತ್ತದೆ. ಜನರನ್ನು ಕೇಳಿದರೆ 'ಒಂದು ವಾರದಲ್ಲಿ ಹೋಗಬೇಕಿತ್ತು' ಎನ್ನುತ್ತಾರೆ. ಒಂದು ವಾರಕ್ಕೂ ಹದಿನೆಂಟು ದಿನಕ್ಕೂ ನಡುವಿನ ಈ ಅಂತರದಲ್ಲೇ ನಮ್ಮ ಊರುಗಳಲ್ಲಿ ಆಂಟಿಬಯಾಟಿಕ್ ಬಿಕರಿಯಾಗುವುದು. ಕೆಲವರಿಗೆ ಎಂಟು ವಾರದವರೆಗೂ ಎಳೆಯುತ್ತದೆ. 2023ರ ಮಾರ್ಚ್‌ನಲ್ಲಿ ಎಚ್3ಎನ್2 ಎಂಬ ಫ್ಲೂ ಹಬ್ಬಿದಾಗ ಭಾರತೀಯ ವೈದ್ಯಕೀಯ ಸಂಘವೇ ಪ್ರಕಟಣೆ ಹೊರಡಿಸಿತ್ತು: ಜ್ವರ ಮೂರು ದಿನದಲ್ಲಿ ಹೋಗುತ್ತದೆ, ಕೆಮ್ಮು ಮೂರು ವಾರದವರೆಗೂ ಉಳಿಯಬಹುದು, ಇದಕ್ಕೆ ಅಜಿತ್ರೋಮೈಸಿನ್, ಅಮಾಕ್ಸಿಕ್ಲಾವ್ ನುಂಗಬೇಡಿ ಎಂದು. ನಿಮಗೆ ಕೊಟ್ಟ ಎರಡೂ ಔಷಧಿಗಳ ಹೆಸರು ಅದರಲ್ಲಿ ಇದ್ದವು.

'ಆದರೆ ಕಫ ಹಸಿರಾಗಿದೆಯಲ್ಲ' ಎಂದು ನೀವು ಕೇಳಬಹುದು. ಓಪಿಡಿಯಲ್ಲಿ ನಾನು ಅತಿ ಹೆಚ್ಚು ಬಾರಿ ಉತ್ತರಿಸುವ ಪ್ರಶ್ನೆ ಇದು. ನಮ್ಮ ಬಿಳಿ ರಕ್ತಕಣಗಳಲ್ಲಿ ಕಬ್ಬಿಣದ ಅಂಶವಿರುವ ಒಂದು ಕಿಣ್ವ ಇದೆ, ಅದರ ಬಣ್ಣವೇ ಹಸಿರು. ಕಣಗಳು ಹೋರಾಡಿ ಸತ್ತ ಜಾಗದಲ್ಲಿ ಆ ಬಣ್ಣ ಕಫಕ್ಕೆ ಇಳಿಯುತ್ತದೆ. ಹೋರಾಡಿದ್ದು ವೈರಸ್ ಜೊತೆಗೋ ಬ್ಯಾಕ್ಟೀರಿಯಾ ಜೊತೆಗೋ ಎಂಬುದು ಬಣ್ಣದಿಂದ ತಿಳಿಯುವುದಿಲ್ಲ. ರಾತ್ರಿಯಿಡೀ ನಿಂತ ಕಫ ಬೆಳಿಗ್ಗೆ ಗಾಢವಾಗಿರುತ್ತದೆ, ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತದೆ. ನೀವು ಬರೆದಿರುವುದೂ ಅದನ್ನೇ.

ಈಗ ನೀವು ತೆಗೆದುಕೊಂಡ ಔಷಧಿಗಳ ವಿಷಯ.

ಅಮಾಕ್ಸಿಸಿಲಿನ್ ಬ್ಯಾಕ್ಟೀರಿಯಾದ ಹೊರಗೋಡೆ ಕಟ್ಟುವ ಕೆಲಸವನ್ನು ಕೆಡಿಸುತ್ತದೆ. ಅಜಿತ್ರೋಮೈಸಿನ್ ಅದರ ಪ್ರೋಟೀನ್ ತಯಾರಿಕೆಯನ್ನು ನಿಲ್ಲಿಸುತ್ತದೆ. ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ತಯಾರಿಕೆಯೂ ಇಲ್ಲ. ಅದು ನಮ್ಮ ಜೀವಕೋಶದ ಒಳಗೆ ಕೂತು ನಮ್ಮ ಸಾಮಗ್ರಿಯಲ್ಲೇ ಕೆಲಸ ನಡೆಸುತ್ತದೆ. ಔಷಧಿಗೆ ಹಿಡಿಯಲು ಏನೂ ಸಿಗುವುದಿಲ್ಲ. ಇದನ್ನು ಪರೀಕ್ಷಿಸಿ ನೋಡಿದ್ದಾರೆ. 2002ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಷಿಕಾಗೋದ ಅಧ್ಯಯನವೊಂದರಲ್ಲಿ ನಿಮ್ಮಂತೆಯೇ ಕೆಮ್ಮುತ್ತಿದ್ದ 220 ಜನರಲ್ಲಿ ಅರ್ಧದಷ್ಟು ಮಂದಿಗೆ ಅಜಿತ್ರೋಮೈಸಿನ್, ಉಳಿದವರಿಗೆ ವಿಟಮಿನ್ ಸಿ ಕೊಟ್ಟರು. ಯಾರಿಗೆ ಯಾವುದು ಎಂದು ರೋಗಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ. ಏಳನೇ ದಿನ ನೋಡಿದರೆ ಎರಡೂ ಗುಂಪಿನಲ್ಲಿ ನೂರಕ್ಕೆ 89 ಜನ ಎಂದಿನ ಕೆಲಸಕ್ಕೆ ಮರಳಿದ್ದರು. ಅಮಾಕ್ಸಿಸಿಲಿನ್ ಮೇಲೆ ಯುರೋಪಿನ ಹನ್ನೆರಡು ದೇಶಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳೊಂದಿಗೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲೂ, ನ್ಯುಮೋನಿಯಾ ಇಲ್ಲದವರಿಗೆ ಕಾಯಿಲೆಯ ದಿನಗಳು ಕಡಿಮೆಯಾಗಲಿಲ್ಲ. ವಾಕರಿಕೆ, ಭೇದಿ, ಮೈಮೇಲೆ ದದ್ದುಗಳು ಮಾತ್ರ ಹೆಚ್ಚಾದವು.

ಹಾಗಾದರೆ ಮೊದಲ ಸಲ ಎರಡು ದಿನ ಹಗುರವಾದದ್ದು ಹೇಗೆ? ನನಗೆ ಅನುಮಾನ ಇರುವುದು ಪೇಪರ್ ಕವರಿನ ಬಿಡಿ ಮಾತ್ರೆಗಳ ಮೇಲೆ. ಸ್ಟ್ರಿಪ್ಪಿನಿಂದ ಕತ್ತರಿಸಿ, ಹೆಸರಿಲ್ಲದೆ ಕೊಡುವ ಇಂಥ ಪೊಟ್ಟಣಗಳಲ್ಲಿ ಎಷ್ಟೋ ಸಲ ಒಂದು ಸ್ಟೀರಾಯ್ಡ್ ಇರುತ್ತದೆ. ಅದು ಊತ ಇಳಿಸುತ್ತದೆ, ಹಸಿವು ಹೆಚ್ಚಿಸುತ್ತದೆ, ಎರಡು ದಿನ ಮೈ ಹಗುರ ಎನ್ನಿಸುತ್ತದೆ. ಶುಗರ್ ಇರುವವರ ರಕ್ತದಲ್ಲಿ ಸಕ್ಕರೆಯನ್ನು ಸರ್ರನೆ ಏರಿಸುತ್ತದೆ. ನಿಮ್ಮ 280ಕ್ಕೆ ಕಾಯಿಲೆಯೂ ಕಾರಣವಿರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಆದರೆ ಇನ್ನು ಮುಂದೆ ಹೆಸರು ಕಾಣದ ಮಾತ್ರೆಯನ್ನು ಯಾರು ಕೊಟ್ಟರೂ ಬಾಯಿಗೆ ಹಾಕಬೇಡಿ.

ಅಜಿತ್ರೋಮೈಸಿನ್ 'ಬರೀ ಮೂರು ಮಾತ್ರೆ' ಎಂದು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2019ರಲ್ಲಿ ಭಾರತದ ಖಾಸಗಿ ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಬಳಕೆಯಾದ ಆಂಟಿಬಯಾಟಿಕ್ ಇದೇ 500 ಮಿಲಿಗ್ರಾಂ ಮಾತ್ರೆ. ಮೂರು ದಿನಕ್ಕೆ ಮುಗಿಯಿತು ಎಂದು ನಮಗೆ ಅನ್ನಿಸುತ್ತದೆ, ದೇಹದಲ್ಲಿ ಅದು ಅರ್ಧಕ್ಕೆ ಇಳಿಯಲೇ ಸುಮಾರು 68 ಗಂಟೆ ಬೇಕು. ಅಂದರೆ ಕೊನೆಯ ಮಾತ್ರೆಯ ನಂತರವೂ ಎಷ್ಟೋ ದಿನ ಸಣ್ಣ ಪ್ರಮಾಣದಲ್ಲಿ ಒಳಗೆ ಸುಳಿದಾಡುತ್ತಿರುತ್ತದೆ. ಬ್ಯಾಕ್ಟೀರಿಯಾ ಸಾಯುವಷ್ಟಿಲ್ಲ, ತಡೆದುಕೊಳ್ಳುವುದನ್ನು ಕಲಿಯುವಷ್ಟಿದೆ. ಆರೋಗ್ಯವಂತರಿಗೆ ಒಂದೇ ಒಂದು ಕೋರ್ಸ್ ಕೊಟ್ಟು ಅವರ ಗಂಟಲನ್ನು ಪರೀಕ್ಷಿಸುತ್ತ ಹೋದಾಗ, ಔಷಧಿಗೆ ಜಗ್ಗದ ಬ್ಯಾಕ್ಟೀರಿಯಾಗಳು ಆರು ತಿಂಗಳಾದರೂ ಹೆಚ್ಚಾಗಿಯೇ ಇದ್ದವು. ಟೈಫಾಯ್ಡ್‌ಗೆ ಸಿಪ್ರೊಫ್ಲಾಕ್ಸಸಿನ್ ನಮ್ಮಲ್ಲಿ ಹೆಚ್ಚುಕಡಿಮೆ ಕೈಬಿಟ್ಟಿದೆ. ಬಾಯಿಯ ಮೂಲಕ ಕೊಡಬಹುದಾದ ಔಷಧಿಗಳಲ್ಲಿ ಉಳಿದಿರುವ ಮುಖ್ಯವಾದದ್ದು ಅಜಿತ್ರೋಮೈಸಿನ್. ಅದನ್ನು ನೆಗಡಿ-ಕೆಮ್ಮಿಗೆ ಸುರಿದು ಮುಗಿಸುತ್ತಿದ್ದೇವಲ್ಲ ಎಂದು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಹೃದಯದ ಲಯ ತಪ್ಪಿಸುವ ಅಪಾಯವೂ ಅಪರೂಪವಾಗಿ ಉಂಟು. ವಾಂತಿ, ಗ್ಯಾಸಿಗೆಂದು ಕೊಡುವ ಡೊಂಪೆರಿಡಾನ್ ಜೊತೆ ಸೇರಿದರೆ ಅದು ಹೆಚ್ಚುತ್ತದೆ.

ಭೇದಿಯ ಬಗ್ಗೆ. ಕ್ಲಾವುಲನೇಟ್ ಸೇರಿದ ಮಾತ್ರೆಗೆ ಇದು ತೀರಾ ಸಾಮಾನ್ಯ. ನಿಂತಿದೆ ಎಂದಿದ್ದೀರಿ, ಒಳ್ಳೆಯದು. ಆದರೂ ಮುಂದಿನ ಎರಡು ತಿಂಗಳಲ್ಲಿ ದಿನಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ನೀರಿನಂತೆ ಭೇದಿಯಾದರೆ, ಹೊಟ್ಟೆ ನುಲಿತ, ಜ್ವರ, ರಕ್ತ ಕಂಡರೆ, ಭೇದಿ ನಿಲ್ಲಿಸುವ ಮಾತ್ರೆ ನುಂಗದೆ ಆಸ್ಪತ್ರೆಗೆ ಹೋಗಿ, 'ಆಂಟಿಬಯಾಟಿಕ್ ತೆಗೆದುಕೊಂಡಿದ್ದೆ' ಎಂದು ಮೊದಲೇ ಹೇಳಿ. ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಡಿಫಿಸೀಲ್ ಎಂಬ ಕೆಟ್ಟದ್ದು ಬೆಳೆದರೆ ಹೀಗಾಗುತ್ತದೆ. ವಿಪರೀತ ಭೇದಿ ಇದ್ದಾಗ ಮೆಟ್‌ಫಾರ್ಮಿನ್ ಮುಂದುವರಿಸಬೇಕೇ ಎಂದೂ ಕೇಳಿ.

ಕೋರ್ಸ್ ಅರ್ಧಕ್ಕೆ ಬಿಟ್ಟದ್ದು ತಪ್ಪಾಯಿತೇ ಎಂಬ ಅಳುಕು ನಿಮ್ಮ ಬರವಣಿಗೆಯಲ್ಲಿ ಕಾಣುತ್ತದೆ. ಬೇಡದ ಔಷಧಿಯನ್ನು ಮೈಗೆ ಆಗದಿದ್ದಾಗ ನಿಲ್ಲಿಸಿದ್ದರಿಂದ ಕೆಡುಕೇನೂ ಆಗಿಲ್ಲ. ಬರೆದ ವೈದ್ಯರಿಗೆ ಒಂದು ಫೋನ್ ಮಾಡಿ ನಿಲ್ಲಿಸಿದ್ದರೆ ಚೆನ್ನಾಗಿತ್ತು, ಅಷ್ಟೇ. ನ್ಯುಮೋನಿಯಾಕ್ಕೆ ಕೊಟ್ಟಾಗ ಹೇಳಿದಷ್ಟು ದಿನ ತೆಗೆದುಕೊಳ್ಳಬೇಕು. ಕ್ಷಯಕ್ಕಂತೂ ಒಂದು ದಿನವೂ ತಪ್ಪಿಸುವಂತಿಲ್ಲ. ಉಳಿದ ನಾಲ್ಕು ಮಾತ್ರೆಗಳನ್ನು ಮುಂದೊಂದು ದಿನ ಅತ್ತೆಯವರಿಗೋ ಮಗನಿಗೋ ಕೊಡಲು ಎತ್ತಿಡಬೇಡಿ.

ಇನ್ನು ಲೆವೊಫ್ಲಾಕ್ಸಸಿನ್. ನಾನು ಹೇಳಿದ ಮೂರು ಕಾರಣಗಳು.

ಒಂದು, ನೀವು ಗ್ಲಿಮೆಪಿರೈಡ್ ತೆಗೆದುಕೊಳ್ಳುತ್ತಿದ್ದೀರಿ. ಈ ಎರಡೂ ಒಟ್ಟಿಗೆ ಸೇರಿದರೆ ಶುಗರ್ ಧಡಕ್ಕನೆ ಕುಸಿಯಬಹುದು. ಪ್ರಜ್ಞೆ ತಪ್ಪಿದ ಪ್ರಕರಣಗಳನ್ನು ನೋಡಿಯೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ಈ ಗುಂಪಿನ ಔಷಧಿಗಳ ಎಚ್ಚರಿಕೆಯನ್ನು ಬಿಗಿ ಮಾಡಿತು. ಎರಡು, ಈ ಗುಂಪಿನ ಔಷಧಿಗಳು ಹಿಮ್ಮಡಿಯ ಹಿಂದಿನ ದಪ್ಪ ಸ್ನಾಯುರಜ್ಜುವನ್ನು ಊದಿಸಿ, ಕೆಲವೊಮ್ಮೆ ಹರಿಯುವಂತೆ ಮಾಡುತ್ತವೆ. ಸ್ಟೀರಾಯ್ಡ್ ತೆಗೆದುಕೊಂಡವರಲ್ಲಿ ಆ ಅಪಾಯ ಇನ್ನೂ ಹೆಚ್ಚು, ನಿಮ್ಮ ಪೇಪರ್ ಕವರಿನಲ್ಲಿ ಏನಿತ್ತೋ ನಮಗೆ ಗೊತ್ತಿಲ್ಲ.

ಮೂರನೆಯದೇ ನನಗೆ ಮುಖ್ಯ. ಲೆವೊಫ್ಲಾಕ್ಸಸಿನ್ ಕ್ಷಯದ ರೋಗಾಣುವಿನ ಮೇಲೂ ಕೆಲಸ ಮಾಡುತ್ತದೆ. ಔಷಧಿಗೆ ಜಗ್ಗದ ಕ್ಷಯಕ್ಕೆ ನಾವು ಬಳಸುವ ಮದ್ದುಗಳಲ್ಲಿ ಅದೂ ಒಂದು. ಕ್ಷಯ ಇದ್ದವರಿಗೆ ಕೆಮ್ಮೆಂದು ಐದು ದಿನ ಇದನ್ನು ಕೊಟ್ಟರೆ ರೋಗ ವಾಸಿಯಾಗುವುದಿಲ್ಲ, ಮರೆಯಾಗುತ್ತದೆ. ಕೆಮ್ಮು ಕಡಿಮೆಯಾಗುತ್ತದೆ, ಊಟ ಸೇರುತ್ತದೆ, ಕಫದಲ್ಲಿ ರೋಗಾಣು ಸಿಗದೆ ಹೋಗಬಹುದು. ಕೆಲವು ವಾರ ಕಳೆದು ಮತ್ತೆ ಏಳುತ್ತದೆ. ನನ್ನ ಬಳಿ ಬಂದ ಒಬ್ಬ ಲಾರಿ ಚಾಲಕ ಎರಡೂವರೆ ತಿಂಗಳಲ್ಲಿ ಮೂರು ಸಲ ಇದನ್ನೇ ನುಂಗಿದ್ದ, ಮೂರು ಸಲವೂ 'ಆರಾಮಾಯ್ತು ಸಾರ್' ಎಂದುಕೊಂಡು ಗಾಡಿ ಹತ್ತಿದ್ದ. ಎಕ್ಸ್-ರೇ ತೆಗೆಸಿದ ದಿನ ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಕುಳಿ ಬಿದ್ದಿತ್ತು. ಅಷ್ಟರಲ್ಲಿ ಅವನ ಆರು ವರ್ಷದ ಮಗಳೂ ಕೆಮ್ಮುತ್ತಿದ್ದಳು. ಆ ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ನಿಂತ ಹೊತ್ತು ನನಗೆ ಇವತ್ತಿಗೂ ಮರೆಯಲಾಗಿಲ್ಲ.

ಅಂದಹಾಗೆ, ಲೆವೊಫ್ಲಾಕ್ಸಸಿನ್ ಎಚ್1 ಪಟ್ಟಿಯಲ್ಲಿರುವ ಔಷಧಿ. 2014ರ ಮಾರ್ಚ್ 1ರಿಂದ, ವೈದ್ಯರ ಚೀಟಿ ಇಲ್ಲದೆ ಅದನ್ನು ಮಾರುವಂತಿಲ್ಲ. ಮಾರಿದಾಗ ರೋಗಿಯ ಹೆಸರು, ವೈದ್ಯರ ಹೆಸರು ಬರೆದ ಪುಸ್ತಕವನ್ನು ಅಂಗಡಿಯವರು ಮೂರು ವರ್ಷ ಇಟ್ಟುಕೊಳ್ಳಬೇಕು. ಸ್ಟ್ರಿಪ್ಪಿನ ಮೇಲೆ ಕೆಂಪು ಗೆರೆ ಕಂಡರೆ ಅದು ಚೀಟಿ ಇಲ್ಲದೆ ಕೊಳ್ಳುವಂಥದ್ದಲ್ಲ ಎಂದು ತಿಳಿಯಿರಿ.

ಮ್ಯಾಂಚೆಸ್ಟರಿನ ವೈದ್ಯರು ನಿಮ್ಮ ತಮ್ಮನನ್ನು ಅಸಡ್ಡೆ ಮಾಡಿಲ್ಲ. ಇಂಥ ಕೆಮ್ಮು ಮೂರು-ನಾಲ್ಕು ವಾರ ಇರುತ್ತದೆ, ಸಾಮಾನ್ಯವಾಗಿ ಆಂಟಿಬಯಾಟಿಕ್ ಬೇಡ ಎಂಬುದೇ ಅಲ್ಲಿನ ಮಾರ್ಗಸೂಚಿ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಕೂಡ ಸಣ್ಣ ಜ್ವರಕ್ಕೆ, ವೈರಸ್‌ನಿಂದ ಬಂದ ಕೆಮ್ಮಿಗೆ ಆಂಟಿಬಯಾಟಿಕ್ ಬೇಡ ಎಂದೇ ಹೇಳುತ್ತದೆ. ಆದರೆ ಅಲ್ಲಿನ ಮಾತನ್ನು ಪೂರ್ತಿಯಾಗಿ ಇಲ್ಲಿಗೆ ತರಬೇಡಿ. ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲುಭಾಗ ನಮ್ಮ ದೇಶದಲ್ಲೇ ಇದ್ದಾರೆ, ಶುಗರ್ ಇರುವವರಿಗೆ ಕ್ಷಯ ಬರುವ ಸಾಧ್ಯತೆ ಎರಡು-ಮೂರು ಪಟ್ಟು. ಎರಡು ವಾರ ದಾಟಿದ ಕೆಮ್ಮಿಗೆ ಇಲ್ಲಿ ಕಫ ಪರೀಕ್ಷೆ ಮಾಡಿಸಲೇಬೇಕು. ನಿಮಗೆ ಇಪ್ಪತ್ತಮೂರು ದಿನವಾಗಿದೆ. ಕ್ಷಯ ಇರಲಿಕ್ಕಿಲ್ಲ ಎಂದೇ ನನ್ನ ಅಂದಾಜು: ಮಕ್ಕಳ ಜೊತೆಗೇ ಶುರುವಾದದ್ದು, ಜ್ವರ ಮರಳಿಲ್ಲ. ಆದರೂ ಅಂದಾಜಿನ ಮೇಲೆ ಬಿಡುವ ವಿಷಯ ಇದಲ್ಲ. ತೂಕ ಇಳಿದಿದೆಯೇ, ರಾತ್ರಿ ಬೆವರುತ್ತೀರೇ ಎಂಬುದನ್ನೂ ನೀವು ಬರೆದಿಲ್ಲ.

ರಾಮಿಪ್ರಿಲ್ ವಿಷಯ ಹೇಳಲೇಬೇಕು. ಆ ಗುಂಪಿನ ಬಿಪಿ ಮಾತ್ರೆಗಳು ಕೆಲವರಿಗೆ ಗಂಟಲಲ್ಲಿ ಕಚಗುಳಿ ಇಟ್ಟಂಥ ಒಣ ಕೆಮ್ಮು ತರುತ್ತವೆ. ಶುರು ಮಾಡಿ ತಿಂಗಳುಗಳ ಮೇಲೂ ಬರಬಹುದು. ಜ್ವರಕ್ಕೆ ಮುಂಚೆಯೇ ಅಲ್ಪಸ್ವಲ್ಪ ಕೆಮ್ಮಿತ್ತೇ ಎಂದು ನೆನಪು ಮಾಡಿಕೊಳ್ಳಿ, ಮನೆಯವರನ್ನೂ ಕೇಳಿ. ಇತ್ತು ಎಂದಾದರೆ ಬಿಪಿ ನೋಡುವ ವೈದ್ಯರಿಗೆ ತಿಳಿಸಿ, ಕೆಮ್ಮು ತರದ ಬೇರೆ ಮಾತ್ರೆಗಳಿವೆ. ನೀವಾಗಿಯೇ ನಿಲ್ಲಿಸಬೇಡಿ. ಬದಲಿಸಿದ ಮೇಲೂ ಕೆಮ್ಮು ಪೂರ್ತಿ ಇಳಿಯಲು ಕೆಲವು ವಾರ ಬೇಕು.

ಯಾವಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು? ಬಿಟ್ಟ ಜ್ವರ ಚಳಿಯೊಂದಿಗೆ ಮತ್ತೆ ಬಂದರೆ. ಉಸಿರು ಎಳೆದಾಗ ಎದೆಯ ಒಂದು ಪಕ್ಕ ಚುಚ್ಚಿದರೆ. ಮೆಟ್ಟಿಲು ಹತ್ತದೆಯೇ ಏದುಸಿರು ಬಂದರೆ, ಮಾತು ಪೂರ್ತಿ ಮಾಡಲಾಗದಿದ್ದರೆ. ಕಫದಲ್ಲಿ ರಕ್ತ ಕಂಡರೆ. ಬೆರಳಿಗೆ ಹಾಕುವ ಆಕ್ಸಿಮೀಟರ್ 94ಕ್ಕಿಂತ ಕಡಿಮೆ ತೋರಿಸಿದರೆ. ಇವು ನ್ಯುಮೋನಿಯಾ ಇರಬಹುದೆಂಬ ಸೂಚನೆ. ಅಲ್ಲಿ ಆಂಟಿಬಯಾಟಿಕ್ ಪ್ರಾಣ ಉಳಿಸುತ್ತದೆ, ಆಗ ನಾನೇ ತಡಮಾಡದೆ ಕೊಡಿ ಎನ್ನುತ್ತೇನೆ. ರಾತ್ರಿ ಸುಯ್ಯೆಂಬ ಸದ್ದು, ಬೆಳಗಿನ ಜಾವ ಉಬ್ಬಸ ಇದ್ದರೆ ಉಸಿರಾಟದ ಪರೀಕ್ಷೆ ಮಾಡಿಸಿ. ಇನ್‌ಹೇಲರ್ ಬರೆದರೆ ಚಟವಾಗುತ್ತದೆಂದು ಹೆದರಬೇಡಿ, ಆಗುವುದಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು ಹೆಚ್ಚೇನಿಲ್ಲ. ರಾತ್ರಿ ಮಲಗುವ ಮುಂಚೆ ಒಂದು ಟೀ ಚಮಚ ಜೇನುತುಪ್ಪ ಕೆಮ್ಮನ್ನು ತಗ್ಗಿಸುತ್ತದೆ, ಆದರೆ ಅದರ ಸಕ್ಕರೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ಕೂಡದು. ಶುಂಠಿ-ಮೆಣಸಿನ ಕಷಾಯ ಬೆಲ್ಲವಿಲ್ಲದೆ ಕುಡಿಯಿರಿ. ಜ್ಯೇಷ್ಠಮಧು ದಿನವೂ ಜಗಿಯುವುದು ಬೇಡ, ಬಿಪಿ ಏರಿಸುತ್ತದೆ. ಕೆಮ್ಮು ಒತ್ತರಿಸಿ ಬಂದಾಗ ಬಾಯಿ ಮುಚ್ಚಿ, ಒಂದು ಗುಟುಕು ಬೆಚ್ಚನೆ ನೀರು ನುಂಗಿ, ಮೂಗಿನಿಂದ ನಿಧಾನ ಉಸಿರಾಡಿ. ನಾಲ್ಕಾರು ಸಲ ಮಾಡಿದರೆ ಸರಣಿ ತುಂಡಾಗುತ್ತದೆ. ಸೊಳ್ಳೆಬತ್ತಿ, ಊದುಬತ್ತಿ ಹೊಗೆಯಿಂದ ಎರಡು ವಾರ ದೂರವಿರಿ. ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಲು ಮಕ್ಕಳಿಗೆ ಹೇಳಿ. ಸುಸ್ತು ಇನ್ನೂ ಕೆಲವು ವಾರ ಇರಬಹುದು, ದಿನಕ್ಕಿಷ್ಟು ನಡಿಗೆ ಹೆಚ್ಚಿಸುತ್ತ ಹೋಗಿ. ಪೂರ್ತಿ ಚೇತರಿಸಿಕೊಂಡ ಮೇಲೆ ಫ್ಲೂ ಲಸಿಕೆ, ನ್ಯುಮೋನಿಯಾ ಲಸಿಕೆ ಬಗ್ಗೆ ನಿಮ್ಮ ವೈದ್ಯರನ್ನು ಕೇಳಿ. ಶುಗರ್ ಇರುವವರಿಗೆ ಎರಡೂ ಬೇಕು.

ಈಗ ನಾಳೆಯ ಕೆಲಸ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ 'ಮೂರು ವಾರದಿಂದ ಕೆಮ್ಮು, ಶುಗರ್ ಇದೆ, ಕಫ ಪರೀಕ್ಷೆ ಮಾಡಿಸಬೇಕು' ಎನ್ನಿ. ಎದೆಯ ಎಕ್ಸ್-ರೇಯನ್ನೂ ಕೇಳಿ. ಕಫದಲ್ಲಿ ಕ್ಷಯದ ರೋಗಾಣುವನ್ನು ಹುಡುಕುವ ಟ್ರೂನ್ಯಾಟ್ ಅಥವಾ ಸಿಬಿನ್ಯಾಟ್ ಪರೀಕ್ಷೆ ಉಚಿತ, ಯಂತ್ರಕ್ಕೆ ಹಾಕಿದ ಮೇಲೆ ಒಂದೆರಡು ಗಂಟೆಯಲ್ಲಿ ಉತ್ತರ ಸಿಗುತ್ತದೆ. ಟ್ರೂನ್ಯಾಟ್ ರೂಪುಗೊಂಡದ್ದು ನಮ್ಮ ಬೆಂಗಳೂರಿನ ಪ್ರಯೋಗಾಲಯದಲ್ಲೇ. ಒಂದು ಡಬ್ಬಿ ಅಲ್ಲೇ ಕೊಡುತ್ತಾರೆ, ಇನ್ನೊಂದನ್ನು ಬೆಳಗಿನ ಕಫಕ್ಕೆಂದು ಮನೆಗೆ ಕಳಿಸುತ್ತಾರೆ. ಎದ್ದ ಕೂಡಲೇ ಬರೀ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅಂಗಳಕ್ಕೋ ತಾರಸಿಗೋ ಹೋಗಿ, ಮನೆಯವರಿಂದ ದೂರ ನಿಂತು, ಎರಡು ಸಲ ಆಳವಾಗಿ ಉಸಿರೆಳೆದು, ಮೂರನೆಯದರಲ್ಲಿ ಎದೆಯಾಳದಿಂದ ಕೆಮ್ಮಿ. ಬಾಯಿಯ ಎಂಜಲು ಸಾಲದು, ಗಟ್ಟಿ ಕಫವೇ ಬರಬೇಕು. ಹೆಸರಿನ ಚೀಟಿಯನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಅಂಟಿಸಿ. ವರದಿ ಬಂದ ಮೇಲೆ, ಏನೇ ಇರಲಿ, ನನಗೆ ಒಂದು ಸಾಲು ಬರೆದು ತಿಳಿಸಿ.